ಗುಡ್ಡದ ಮೇಲಿನ ಕ್ಯಾಂಪಸ್‌ನಲ್ಲಿ ಎಂಬಿಎ: ಸೀಟು ಹಿಡಿಯುವ ಮುಂಚೆ ಏನೇನು ನೋಡಬೇಕು?

ಕೊಣಾಜೆಯ ಗುಡ್ಡದ ಮೇಲೆ ಮಂಗಳೂರು ವಿಶ್ವವಿದ್ಯಾಲಯವಿದೆ. ಕೆಳಗೆ ನೇತ್ರಾವತಿ, ದೂರದಲ್ಲಿ ಕಡಲು. ಕುವೆಂಪು ವಿಶ್ವವಿದ್ಯಾಲಯದ ಶಂಕರಘಟ್ಟಕ್ಕೆ ಹೋದರೆ ಪಕ್ಕದಲ್ಲೇ ಭದ್ರಾ ಅಣೆಕಟ್ಟೆ, ಅದರಾಚೆ ಅಭಯಾರಣ್ಯ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಆವರಣ ಸುಮಾರು 750 ಎಕರೆ. ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿ ಆವರಣಕ್ಕೆ ಕುಕ್ಕರಹಳ್ಳಿ ಕೆರೆ ತಾಗಿಕೊಂಡೇ ಇದೆ. ಈ ನಾಲ್ಕೂ ಕಡೆ ಎಂಬಿಎ ಇದೆ, ಎಂ.ಕಾಂ. ಕೂಡ ಇದೆ. ಎಂಬಿಎ ಕಲಿಸುವ ಮೈಸೂರಿನ ಬಿ.ಎನ್. ಬಹಾದ್ದೂರ್ ಸಂಸ್ಥೆ ಮತ್ತು ಧಾರವಾಡದ ಕೌಸಾಳಿ ಸಂಸ್ಥೆಯ ಹೆಸರನ್ನು ವಾಣಿಜ್ಯ ಓದಿದ ಮನೆಗಳಲ್ಲಿ ಕೇಳಿಯೇ ಇರುತ್ತಾರೆ.

ಇಂಥ ಜಾಗ ನೋಡಿದ ತಕ್ಷಣ ಇಲ್ಲೇ ಓದಬೇಕು ಅನ್ನಿಸುವುದು ಸಹಜ. ಅದು ತಪ್ಪೂ ಅಲ್ಲ. ಎರಡು ವರ್ಷ ಗಾಳಿ, ಮರ, ಮೌನದ ನಡುವೆ ಓದುವುದು ಮನಸ್ಸಿಗೂ ದೇಹಕ್ಕೂ ಒಳ್ಳೆಯದು. ಆದರೆ ಊರಿನಿಂದ ದೂರ ಇರುವುದರಿಂದಲೇ ಈ ಜಾಗಗಳು ಹೆಚ್ಚಾಗಿ ಹೀಗೆ ಹಸಿರಾಗಿ ಉಳಿದಿವೆ. ವ್ಯಾಪಾರ ಕಲಿಯುವವರಿಗೆ ಆ ದೂರದ ಬೆಲೆ ಗೊತ್ತಿರಬೇಕು. ಇತಿಹಾಸ ಅಥವಾ ಸಸ್ಯಶಾಸ್ತ್ರ ಓದುವವರಿಗೆ ಬೇಕಾದ್ದು ಅಲ್ಲೇ ಸಿಗಬಹುದು. ಎಂಬಿಎ ಓದುವವರಿಗೆ ಕಂಪನಿ, ಬ್ಯಾಂಕು, ಮಾರುಕಟ್ಟೆಯ ಒಡನಾಟವೂ ಬೇಕು. ಅದು ಕ್ಯಾಂಪಸ್‌ವರೆಗೆ ಬರುತ್ತದಾ, ಇಲ್ಲ ನೀವೇ ಅದರ ಬಳಿ ಹೋಗಬೇಕಾ ಅಂತ ಲೆಕ್ಕ ಹಾಕುವುದು ಹೇಗೆ ಎಂದು ಮುಂದೆ ಬರೆದಿದ್ದೇನೆ. ನನ್ನ ಉದಾಹರಣೆಗಳು ಈ ನಾಲ್ಕು ಕ್ಯಾಂಪಸ್‌ಗಳವು. ಬೇರೆ ಕಡೆಗೂ ಇದೇ ಪ್ರಶ್ನೆಗಳು ಹೊಂದುತ್ತವೆ.

ಹೆಜ್ಜೆ 1: ಎಂಬಿಎನಾ, ಎಂ.ಕಾಂ.ಆ?

ಕ್ಯಾಂಪಸ್‌ಗಿಂತ ಮೊದಲು ಇದು ತೀರ್ಮಾನವಾಗಲಿ. ನಿಮಗೆ ಪಾಠ ಹೇಳುವ ಆಸೆ ಇದೆಯಾ? ಲೆಕ್ಕಪತ್ರದ ವೃತ್ತಿ ಕೋರ್ಸ್ ಸಿಎ ಅಥವಾ ಸಿಎಂಎ ಜೊತೆಜೊತೆಗೆ ಓದುತ್ತಿದ್ದೀರಾ? ಬ್ಯಾಂಕ್ ಪರೀಕ್ಷೆ, ಕೆಎಎಸ್, ಅಧ್ಯಾಪಕರಾಗಲು ಬೇಕಾದ ನೆಟ್, ಕೆಸೆಟ್ ಅರ್ಹತಾ ಪರೀಕ್ಷೆ ಕಡೆ ಕಣ್ಣಿದೆಯಾ? ಹಾಗಿದ್ದರೆ ಎಂ.ಕಾಂ. ಸರಿಯಾದ ಆಯ್ಕೆ. ಅದಕ್ಕೆ ಇಂಥ ಶಾಂತ ಕ್ಯಾಂಪಸ್‌ಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಒಂದು ಗ್ರಂಥಾಲಯ, ಓದುವ ನಾಲ್ಕು ಗೆಳೆಯರು, ಸಂಜೆ ಒಂದು ಸುತ್ತು ನಡಿಗೆ. ದೂರ ಇದ್ದದ್ದೇ ಇಲ್ಲಿ ಅನುಕೂಲವಾಗುತ್ತದೆ. ಎಂ.ಕಾಂ. ಪ್ರವೇಶ ಆಯಾ ವಿಶ್ವವಿದ್ಯಾಲಯದ ಪ್ರಕಟಣೆ ನೋಡಿ ಅರ್ಜಿ ಹಾಕುವುದು. ಈಗ ರಾಜ್ಯದ ವಿಶ್ವವಿದ್ಯಾಲಯಗಳ ಅರ್ಜಿಗಳು ಹೆಚ್ಚಾಗಿ ಯುಯುಸಿಎಂಎಸ್ ಎಂಬ ರಾಜ್ಯ ಸರ್ಕಾರದ ಪೋರ್ಟಲ್ ಮೂಲಕ ಹೋಗುತ್ತವೆ.

ಓದು ಮುಗಿದ ಕೂಡಲೇ ಕಂಪನಿಯಲ್ಲಿ ಕೆಲಸ ಬೇಕು ಎನ್ನುವವರಿಗೆ ಎಂಬಿಎ. ಅದಕ್ಕೆ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ನಡೆಸುವ ಪಿಜಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು. ಪದವಿಯಲ್ಲಿ ಶೇ. 50 ಅಂಕ ಇರಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಪ್ರವರ್ಗ 1ರವರಿಗೆ ಶೇ. 45 ಸಾಕು. ಮುಂದಿನ ಹೆಜ್ಜೆಗಳಲ್ಲಿ ಹೆಚ್ಚಿನವು ಎಂಬಿಎ ಓದುವವರಿಗಾಗಿ.

ಹೆಜ್ಜೆ 2: ದೂರವನ್ನು ಕಿಲೋಮೀಟರ್‌ನಲ್ಲಿ ಅಲ್ಲ, ಗಂಟೆಯಲ್ಲಿ ಅಳೆಯಿರಿ

ಕೊಣಾಜೆ ಮಂಗಳೂರಿನಿಂದ ಸುಮಾರು 20 ಕಿ.ಮೀ. ಶಂಕರಘಟ್ಟ ಶಿವಮೊಗ್ಗದಿಂದ ಸುಮಾರು 28, ಭದ್ರಾವತಿಯಿಂದ 18. ಕಾಗದದ ಮೇಲೆ ಇವು ಹತ್ತಿರವೇ. ಆದರೆ ಸಂಜೆ ಆರಕ್ಕೆ ಊರಿನಲ್ಲಿ ಒಂದು ಇಂಟರ್‌ವ್ಯೂ ಮುಗಿದರೆ ವಾಪಸ್ ಬರಲು ಬಸ್ ಇದೆಯಾ? ಕೊನೆಯ ಬಸ್ ಎಷ್ಟಕ್ಕೆ? ಹಾಸ್ಟೆಲ್ ಬಾಗಿಲು ಎಷ್ಟಕ್ಕೆ ಹಾಕುತ್ತಾರೆ, ಅದರಲ್ಲೂ ಹುಡುಗಿಯರ ಹಾಸ್ಟೆಲ್? ಈ ಮೂರು ಉತ್ತರ ಸಿಕ್ಕಿದರೆ ವಾರದಲ್ಲಿ ಎಷ್ಟು ದಿನ ಊರಿನ ಕಂಪನಿಯೊಂದರಲ್ಲಿ ಇಂಟರ್ನ್‌ಶಿಪ್ ಮಾಡಬಹುದು ಅಂತ ಗೊತ್ತಾಗುತ್ತದೆ.

ಮಾನಸಗಂಗೋತ್ರಿಗೆ ಈ ತೊಂದರೆ ಇಲ್ಲ. ಅದು ಊರೊಳಗೇ ಇದೆ. ಧಾರವಾಡದವರಿಗೂ ಹುಬ್ಬಳ್ಳಿಗೆ ಹೋಗಲು ತನ್ನದೇ ಪಥದಲ್ಲಿ ಓಡುವ ಚಿಗರಿ ಬಸ್ ಇದೆ.

ಎರಡನೆಯ ಅಳತೆ ಬೆಂಗಳೂರಿನದು. ಇಷ್ಟವಿದ್ದರೂ ಇಲ್ಲದಿದ್ದರೂ ಎಂಬಿಎ ಇಂಟರ್‌ವ್ಯೂಗಳು ಹೆಚ್ಚಾಗಿ ಅಲ್ಲೇ. ಮೈಸೂರಿನಿಂದ ಬೆಳಿಗ್ಗೆ ಹೋಗಿ ರಾತ್ರಿ ಬರಬಹುದು. ಮಂಗಳೂರಿನಿಂದ ಅದು ಒಂದು ರಾತ್ರಿಯ ಪ್ರಯಾಣ. ಮಳೆಗಾಲದಲ್ಲಿ ಘಾಟಿ ಯಾವಾಗ ಬಂದ್ ಆಗುತ್ತದೋ ಹೇಳಲಾಗದು. 2024ರ ಜುಲೈ ಕೊನೆಯಲ್ಲಿ ಘಾಟಿಯ ಯಡಕುಮಾರಿ ಹತ್ತಿರ ಗುಡ್ಡ ಕುಸಿದು ಮಂಗಳೂರು–ಬೆಂಗಳೂರು ರೈಲುಗಳು ಹಲವು ದಿನ ನಿಂತೇ ಹೋದವು. ಆನ್‌ಲೈನ್ ಇಂಟರ್‌ವ್ಯೂ ಬಂದ ಮೇಲೆ ಮೊದಲ ಸುತ್ತುಗಳಿಗೆ ಓಡಾಟ ಕಡಿಮೆಯಾಗಿದೆ, ನಿಜ. ಅದಕ್ಕಾದರೂ ಹಾಸ್ಟೆಲ್‌ನಲ್ಲಿ ಗಟ್ಟಿಯಾದ ಇಂಟರ್‌ನೆಟ್ ಬೇಕಲ್ವಾ? ಅದನ್ನೂ ಕೇಳಿ.

ಇಲ್ಲಿ ಒಂದು ಮಾತು ಸೇರಿಸಬೇಕು. ದೂರ ಇದ್ದ ಮಾತ್ರಕ್ಕೆ ಕಂಪನಿಗಳು ಬರುವುದಿಲ್ಲ ಅಂತೇನಿಲ್ಲ. ಕೇರಳದ ಐಐಎಂ ಕೋಳಿಕ್ಕೋಡ್ ಇರುವುದು ಕುನ್ನಮಂಗಲದ ಗುಡ್ಡಗಳ ಮೇಲೆ. ಸುತ್ತ ದೊಡ್ಡ ಕೈಗಾರಿಕೆ ಇಲ್ಲ. ಆದರೂ ಕೇಂದ್ರ ಸರ್ಕಾರ ಶಿಕ್ಷಣ ಸಂಸ್ಥೆಗಳಿಗೆ ಸ್ಥಾನ ಕೊಡುವ 2023 ಮತ್ತು 2024ರ ಎನ್‌ಐಆರ್‌ಎಫ್ ಪಟ್ಟಿಯ ಮ್ಯಾನೇಜ್‌ಮೆಂಟ್ ವಿಭಾಗದಲ್ಲಿ ಅದು ಮೂರನೆಯ ಸ್ಥಾನದಲ್ಲಿತ್ತು. ಕಂಪನಿಗಳು ಗುಡ್ಡ ಹತ್ತಿ ಬರುತ್ತವೆ. ದೇಶದ ಎಲ್ಲ ಕಡೆಯಿಂದ ಆಯ್ದ ವಿದ್ಯಾರ್ಥಿಗಳಿದ್ದಾರೆ, ಹಳೆಯ ವಿದ್ಯಾರ್ಥಿಗಳ ಬಳಗವಿದೆ, ದಿನವಿಡೀ ಅದೇ ಕೆಲಸ ಮಾಡುವ ಪ್ಲೇಸ್‌ಮೆಂಟ್ ಕಚೇರಿ ಇದೆ. ನಿಮ್ಮ ಕ್ಯಾಂಪಸ್‌ನಲ್ಲಿ ಆ ಕೆಲಸ ಯಾರು ಮಾಡುತ್ತಿದ್ದಾರೆ ಅನ್ನುವುದೇ ನೀವು ಹುಡುಕಬೇಕಾದ ಉತ್ತರ.

ಹೆಜ್ಜೆ 3: ಮನೆಯಲ್ಲೇ ಕೂತು ಓದಬಹುದಾದ ಕಾಗದಗಳು

ಪ್ರಾಸ್ಪೆಕ್ಟಸ್‌ನ ಬಣ್ಣದ ಪುಟಗಳನ್ನು ಬದಿಗಿಡಿ. ಎನ್‌ಐಆರ್‌ಎಫ್ ಜಾಲತಾಣದಲ್ಲೂ ಸಂಸ್ಥೆಯ ಜಾಲತಾಣದಲ್ಲೂ ಅವರು ಸಲ್ಲಿಸಿದ ಅಂಕಿಅಂಶದ ಪಿಡಿಎಫ್ ಇರುತ್ತದೆ. ಎಷ್ಟು ಜನ ಸೇರಿದರು, ಎಷ್ಟು ಜನ ಸರಿಯಾದ ಅವಧಿಯಲ್ಲಿ ಪಾಸಾದರು, ಎಷ್ಟು ಜನರಿಗೆ ಕೆಲಸ ಸಿಕ್ಕಿತು, ಮಧ್ಯಮ ಸಂಬಳ (ಎಲ್ಲರ ಸಂಬಳ ಕ್ರಮವಾಗಿ ಜೋಡಿಸಿದರೆ ನಟ್ಟನಡುವೆ ಬರುವುದು) ಎಷ್ಟು, ಎಲ್ಲವೂ ವರ್ಷವಾರು ಅಲ್ಲಿವೆ.

ಎರಡು ಎಚ್ಚರಿಕೆ. ವಿಶ್ವವಿದ್ಯಾಲಯವು ವಿಶ್ವವಿದ್ಯಾಲಯಗಳ ವಿಭಾಗದಲ್ಲಿ ಮಾತ್ರ ಮಾಹಿತಿ ಕೊಟ್ಟಿದ್ದರೆ ಎರಡು ವರ್ಷದ ಎಲ್ಲ ಸ್ನಾತಕೋತ್ತರ ಕೋರ್ಸ್‌ಗಳೂ ಒಂದೇ ಸಾಲಿನಲ್ಲಿ ಸೇರಿರುತ್ತವೆ. ಕನ್ನಡ ಎಂ.ಎ., ರಸಾಯನಶಾಸ್ತ್ರ ಎಂ.ಎಸ್ಸಿ., ಎಂಬಿಎ ಎಲ್ಲ ಒಟ್ಟಿಗೆ. ಅದರಿಂದ ಎಂಬಿಎ ಹೇಗಿದೆ ಅಂತ ಹೇಳಲು ಆಗುವುದಿಲ್ಲ. ಆಗ ವಿಭಾಗಕ್ಕೇ ಫೋನ್ ಮಾಡಿ ಎಂಬಿಎದ ಅಂಕಿಯನ್ನು ಬೇರೆಯಾಗಿ ಕೇಳಿ. ಎರಡನೆಯದು, ಸರಾಸರಿ ಸಂಬಳಕ್ಕೆ ಮರುಳಾಗಬೇಡಿ. ಹತ್ತು ಜನರಲ್ಲಿ ಒಂಬತ್ತು ಜನರಿಗೆ ವರ್ಷಕ್ಕೆ 3 ಲಕ್ಷ, ಒಬ್ಬರಿಗೆ 13 ಲಕ್ಷ ಸಿಕ್ಕಿದರೆ ಸರಾಸರಿ 4 ಲಕ್ಷ ಆಗುತ್ತದೆ. ಆದರೆ ಆ 4 ಲಕ್ಷ ಯಾರಿಗೂ ಸಿಕ್ಕಿಲ್ಲ. ಮಧ್ಯಮ ಸಂಬಳ 3 ಲಕ್ಷ ಅಂತ ನಿಜ ಹೇಳುತ್ತದೆ.

ಉನ್ನತ ಶಿಕ್ಷಣ ಸಂಸ್ಥೆಗಳ ಗುಣಮಟ್ಟ ಅಳೆಯುವ ನ್ಯಾಕ್ ಕೊಟ್ಟ ಶ್ರೇಣಿಯನ್ನು ಎಲ್ಲರೂ ನೋಡುತ್ತಾರೆ. ಅದರ ಪೀರ್ ಟೀಮ್ ವರದಿಯನ್ನು ಓದುವವರು ಕಡಿಮೆ. ಆ ವರದಿಯಲ್ಲಿ ಸಂಸ್ಥೆಯ ದೌರ್ಬಲ್ಯಗಳು, ಸವಾಲುಗಳು ಅಂತ ಒಂದು ಭಾಗ ಇರುತ್ತದೆ. ಹೊರಗಿನ ಪ್ರಾಧ್ಯಾಪಕರು ಬಂದು ನೋಡಿ ಬರೆದದ್ದು. ನಾನಾದರೆ ಮೊದಲು ಓದುವುದು ಅದನ್ನೇ.

ಎಐಸಿಟಿಇ (ತಾಂತ್ರಿಕ ಮತ್ತು ಮ್ಯಾನೇಜ್‌ಮೆಂಟ್ ಶಿಕ್ಷಣದ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇಲ್ಲ ಅಂತ ಯಾರೋ ಹೆದರಿಸಬಹುದು. ಖಾಸಗಿ ಕಾಲೇಜಿಗೆ ಅದು ಮುಖ್ಯ. ವಿಶ್ವವಿದ್ಯಾಲಯವೇ ತನ್ನ ವಿಭಾಗದಲ್ಲಿ ಕೋರ್ಸ್ ನಡೆಸಲು ಎಐಸಿಟಿಇಯ ಪೂರ್ವಾನುಮತಿ ಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2001ರಲ್ಲಿ ಭಾರತಿದಾಸನ್ ವಿಶ್ವವಿದ್ಯಾಲಯದ ಪ್ರಕರಣದಲ್ಲಿ ಹೇಳಿದೆ. ಗುಣಮಟ್ಟದ ನಿಯಮಗಳನ್ನು ಪಾಲಿಸಬೇಕು ಎಂದೂ ಅದೇ ತೀರ್ಪು ಹೇಳುತ್ತದೆ.

ಹೆಜ್ಜೆ 4: ಪಾಠ ಮಾಡುವವರು ಯಾರು?

ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಕಾಯಂ ಅಧ್ಯಾಪಕರ ಹುದ್ದೆಗಳು ಬಹಳ ಖಾಲಿ ಇವೆ ಅನ್ನುವುದು ಎಲ್ಲರಿಗೂ ಗೊತ್ತಿರುವ ವಿಷಯ. ಜಾಗವನ್ನು ತುಂಬುತ್ತಿರುವವರು ಅತಿಥಿ ಉಪನ್ಯಾಸಕರು. ಅವರಲ್ಲಿ ಬಹಳ ಒಳ್ಳೆಯ ಮೇಷ್ಟ್ರು, ಮೇಡಂಗಳು ಇದ್ದಾರೆ. ಕಡಿಮೆ ಸಂಬಳಕ್ಕೆ ಮನಸ್ಸಿಟ್ಟು ಪಾಠ ಮಾಡುತ್ತಾರೆ. ತೊಂದರೆ ಇರುವುದು ವ್ಯವಸ್ಥೆಯಲ್ಲಿ. ನೇಮಕ ತಡವಾದರೆ ಸೆಮಿಸ್ಟರ್‌ನ ಮೊದಲ ವಾರಗಳು ಸುಮ್ನೆ ಹೋಗುತ್ತವೆ.

ಹಾಗಾಗಿ ಕೇಳಿ: ಎಂಬಿಎ ವಿಭಾಗದಲ್ಲಿ ಕಾಯಂ ಅಧ್ಯಾಪಕರು ಎಷ್ಟು ಜನ? ಫೈನಾನ್ಸ್, ಮಾರ್ಕೆಟಿಂಗ್, ಎಚ್‌ಆರ್, ಬಿಸಿನೆಸ್ ಅನಲಿಟಿಕ್ಸ್, ಇವುಗಳಲ್ಲಿ ನಿಮಗೆ ಬೇಕಾದ್ದಕ್ಕೆ ಅನುಭವಿ ಅಧ್ಯಾಪಕರು ಇದ್ದಾರಾ? ಪ್ರಾಸ್ಪೆಕ್ಟಸ್‌ನಲ್ಲಿ ಐದು ಸ್ಪೆಷಲೈಸೇಷನ್ ಇರಬಹುದು, ಆದರೆ ತರಗತಿ ನಡೆಯುವುದು ಎರಡಕ್ಕೇ ಇರಬಹುದು. ಕಡಿಮೆ ಜನ ಆರಿಸಿಕೊಂಡ ವಿಷಯ ತೆರೆಯುವುದಿಲ್ಲ. ಹೋದ ವರ್ಷ ಯಾವ ಯಾವುದು ತೆರೆದಿತ್ತು ಅಂತ ಎರಡನೆಯ ವರ್ಷದವರನ್ನು ಕೇಳಿದರೆ ಉತ್ತರ ಸಿಗುತ್ತದೆ.

ಹೆಜ್ಜೆ 5: ಕ್ಯಾಂಪಸ್ ಸುತ್ತ ಯಾವ ವ್ಯಾಪಾರ ನಡೆಯುತ್ತಿದೆ?

ಈ ಹೆಜ್ಜೆಯನ್ನು ಹೆಚ್ಚಿನವರು ಬಿಟ್ಟೇ ಬಿಡುತ್ತಾರೆ. ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಮುಖ್ಯ. ಊರಿನಿಂದ ದೂರ ಇರುವ ಕ್ಯಾಂಪಸ್‌ನಲ್ಲಿ ಓದಿದವರು ಬೆಂಗಳೂರಿನ ಹುಡುಗರ ಜೊತೆ ಅವರದೇ ದಾರಿಯಲ್ಲಿ ಸ್ಪರ್ಧಿಸುವುದು ಕಷ್ಟ. ಆದರೆ ಅಲ್ಲಿನವರಿಗೆ ಸಿಗದ ಮಾರುಕಟ್ಟೆಗಳು ನಿಮಗೆ ಕೈಗೆಟುಕುವಷ್ಟು ಹತ್ತಿರದಲ್ಲಿವೆ. ಪ್ರಾಜೆಕ್ಟ್ ವರ್ಕ್ ಅಲ್ಲಿ ಮಾಡಿದರೆ ಇಂಟರ್‌ವ್ಯೂನಲ್ಲಿ ಹೇಳಿಕೊಳ್ಳಲು ನಿಮ್ಮದೇ ಒಂದು ವಿಷಯ ಇರುತ್ತದೆ.

ಕೊಣಾಜೆಯನ್ನು ನೋಡಿ. ಕರಾವಳಿ ಐದು ಬ್ಯಾಂಕುಗಳು ಹುಟ್ಟಿದ ನೆಲ. 1906ರಲ್ಲಿ ಕೆನರಾ ಮತ್ತು ಕಾರ್ಪೊರೇಷನ್, 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾ ಜೊತೆ ಸೇರಿತು. 2020ರಲ್ಲಿ ಸಿಂಡಿಕೇಟ್ ಕೆನರಾಕ್ಕೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕ್‌ಗೆ ಹೋದವು. ಮೂರು ತಲೆಮಾರು ಒಂದೇ ಶಾಖೆಯಲ್ಲಿ ಖಾತೆ ಇಟ್ಟ ಕುಟುಂಬಗಳು ವಿಲೀನದ ನಂತರ ಏನು ಮಾಡಿದವು? ಅಲ್ಲೇ ಉಳಿದವಾ, ಬೇರೆ ಬ್ಯಾಂಕಿಗೆ ಹೋದವಾ? ಹಣಕಾಸು ಅಥವಾ ಮಾರ್ಕೆಟಿಂಗ್ ಓದುವವರಿಗೆ ಇದಕ್ಕಿಂತ ಒಳ್ಳೆಯ ಪ್ರಾಜೆಕ್ಟ್ ಇಲ್ಲ. ಹತ್ತಿರದಲ್ಲೇ 1973ರಲ್ಲಿ ಶುರುವಾದ ಕ್ಯಾಂಪ್ಕೊ ಇದೆ. ಅಡಿಕೆ, ಕೊಕ್ಕೊ ಬೆಳೆಗಾರರ ಸಹಕಾರಿ ಸಂಸ್ಥೆ, ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ. ಪಣಂಬೂರಿನಲ್ಲಿ ಬಂದರು. ದೇರಳಕಟ್ಟೆಯ ದೊಡ್ಡ ಆಸ್ಪತ್ರೆಗಳಂತೂ ಕ್ಯಾಂಪಸ್‌ಗೆ ತೀರಾ ಹತ್ತಿರ. ಆಸ್ಪತ್ರೆ ಆಡಳಿತದಲ್ಲಿ ಆಸಕ್ತಿ ಇದ್ದವರು ಬೇರೆ ಎಲ್ಲೂ ಹೋಗಬೇಕಿಲ್ಲ.

ಶಂಕರಘಟ್ಟದ ಸುತ್ತ ಕಾಡು ಅಂದುಕೊಂಡರೆ ಅರ್ಧ ಸತ್ಯ. ಶಿವಮೊಗ್ಗ–ಭದ್ರಾವತಿ ರಸ್ತೆಯ ಮಾಚೇನಹಳ್ಳಿಯಲ್ಲಿ ಗಾರ್ಮೆಂಟ್ಸ್ ಇದೆ, ಹಾಲು ಒಕ್ಕೂಟದ ಡೇರಿ ಇದೆ. ಶಿವಮೊಗ್ಗದ ಅಡಿಕೆ ಮಂಡಿಯಲ್ಲಿ ರಾಶಿ, ಬೆಟ್ಟೆ, ಸರಕು, ಗೊರಬಲು ಎಂಬ ಒಂದೊಂದು ಬಗೆಗೂ ಬೇರೆ ಬೇರೆ ಬೆಲೆ. ಬೆಲೆ ಹೇಗೆ ನಿಲ್ಲುತ್ತದೆ, ಬೆಳೆಗಾರ ಮಂಡಿಗೆ ಹಾಕುತ್ತಾನೋ ಅಡಿಕೆ ಮಾರಾಟದ ಸಹಕಾರಿ ಸಂಘ ಮ್ಯಾಮ್ಕೋಸ್‌ಗೆ ಹಾಕುತ್ತಾನೋ, ಯಾಕೆ? ಮನೆಯಲ್ಲೇ ಅಡಿಕೆ ತೋಟ ಇರುವ ಮಲೆನಾಡಿನ ಹುಡುಗ ಹುಡುಗಿಯರಿಗೆ ಇದು ಗೊತ್ತಿರುವ ಲೋಕ. ಅದನ್ನೇ ಅಂಕಿ ಹಾಕಿ ಅಧ್ಯಯನ ಮಾಡಿದರೆ ಕೃಷಿ ಸಾಲ ಕೊಡುವ ಬ್ಯಾಂಕಿಗೂ ಗೊಬ್ಬರ ಮಾರುವ ಕಂಪನಿಗೂ ಬೇಕಾದ ತಿಳಿವಳಿಕೆ ಬರುತ್ತದೆ.

ಧಾರವಾಡದಲ್ಲಿ ಟಾಟಾ ಮೋಟಾರ್ಸ್ ಮತ್ತು ಟಾಟಾ ಹಿಟಾಚಿ ಕಾರ್ಖಾನೆಗಳಿವೆ. ಅವಕ್ಕೆ ಎಲ್ಲರೂ ಅರ್ಜಿ ಹಾಕುತ್ತಾರೆ. ನನಗೆ ಜಾಸ್ತಿ ಆಸಕ್ತಿ ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಖಾದಿ ಸಂಘದ ಬಗ್ಗೆ. ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಮಾನ್ಯತೆಯ ರಾಷ್ಟ್ರಧ್ವಜ ತಯಾರಾಗುವುದು ಅಲ್ಲಿ. 2021ರ ಡಿಸೆಂಬರ್ ಕೊನೆಯಲ್ಲಿ ಧ್ವಜ ಸಂಹಿತೆ ಬದಲಾಗಿ ಯಂತ್ರದಲ್ಲಿ ಮಾಡಿದ ಪಾಲಿಯೆಸ್ಟರ್ ಧ್ವಜಕ್ಕೂ ಅವಕಾಶ ಸಿಕ್ಕಿತು. ಒಂದು ನಿಯಮ ಬದಲಾದರೆ ಒಂದು ಉತ್ಪನ್ನದ ಬೇಡಿಕೆ, ನೂಲುವವರ ಕೂಲಿ, ಸಂಘದ ಲೆಕ್ಕ ಎಲ್ಲ ಹೇಗೆ ಅಲುಗಾಡುತ್ತದೆ ಅಂತ ಅಲ್ಲಿ ಕಣ್ಣಾರೆ ನೋಡಬಹುದು. ಪುಸ್ತಕದ ಯಾವ ಕೇಸ್ ಸ್ಟಡಿಯೂ ಇಷ್ಟು ಹತ್ತಿರದಿಂದ ಕಲಿಸುವುದಿಲ್ಲ.

ಮೈಸೂರಿನಲ್ಲಿ ರೇಷ್ಮೆ ನೇಯ್ಗೆ ಕಾರ್ಖಾನೆ, ಊದಿನಕಡ್ಡಿ ಉದ್ಯಮ, ಚುನಾವಣೆಯ ಶಾಯಿ ತಯಾರಿಸುವ ಮೈಸೂರು ಪೇಂಟ್ಸ್, ನಂಜನಗೂಡಿನ ಕೈಗಾರಿಕಾ ಪ್ರದೇಶ ಎಲ್ಲ ಇವೆ. ಅವಕಾಶ ಜಾಸ್ತಿ, ಅದಕ್ಕೆ ತಕ್ಕಂತೆ ಬೇರೆ ಕಾಲೇಜುಗಳವರ ಪೈಪೋಟಿಯೂ ಜಾಸ್ತಿ.

ಪ್ರಾಜೆಕ್ಟ್‌ಗೆ ಎಷ್ಟು ವಾರ ಬಿಡುವು ಕೊಡುತ್ತಾರೆ ಎಂದೂ ಸಿಲಬಸ್‌ನಲ್ಲಿ ನೋಡಿ. ಆರರಿಂದ ಎಂಟು ವಾರ ಪೂರ್ತಿ ಬಿಡುವಿದ್ದರೆ ದೂರದ ಕಂಪನಿಗೂ ಹೋಗಬಹುದು. ತರಗತಿಯ ಜೊತೆಗೇ ಪ್ರಾಜೆಕ್ಟ್ ಅಂದರೆ ಸುತ್ತಮುತ್ತ ಇರುವುದೇ ಗತಿ.

ಹೆಜ್ಜೆ 6: ಚೆಂದದ ಕಾಲದಲ್ಲಿ ಅಲ್ಲ, ಮಳೆಯಲ್ಲಿ ಹೋಗಿ ನೋಡಿ

ಡಿಸೆಂಬರ್‌ನಲ್ಲಿ ಇವೆಲ್ಲ ಸ್ವರ್ಗದ ಹಾಗೆ ಕಾಣುತ್ತವೆ. ಕೊಣಾಜೆ ಮತ್ತು ಶಂಕರಘಟ್ಟಕ್ಕೆ ಜುಲೈನಲ್ಲಿ ಹೋಗಿ. ಬಟ್ಟೆ ಒಣಗುತ್ತದಾ, ಕರೆಂಟ್ ಹೋದರೆ ಜನರೇಟರ್ ಇದೆಯಾ, ಹಾಸ್ಟೆಲ್‌ನಿಂದ ವಿಭಾಗಕ್ಕೆ ಎಷ್ಟು ದೂರ ನೆನೆಯಬೇಕು ಅಂತ ಆಗ ತಿಳಿಯುತ್ತದೆ. ಉತ್ತರ ಕರ್ನಾಟಕದ ಬಿಸಿಲಿನಿಂದ ಬಂದವರಿಗೆ ಕರಾವಳಿಯ ಮೊದಲ ಮಳೆಗಾಲ ನಿಜಕ್ಕೂ ಕಷ್ಟ.

ಕೆಲಸದ ದಿನ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಹೋಗಿ. ತರಗತಿ ನಡೆಯುತ್ತಿದೆಯಾ ನೋಡಿ. ಎಂಬಿಎ ವಿಭಾಗದ ನೋಟಿಸ್ ಬೋರ್ಡ್ ಮುಂದೆ ಐದು ನಿಮಿಷ ನಿಲ್ಲಿ. ಪ್ಲೇಸ್‌ಮೆಂಟ್ ನೋಟಿಸ್‌ಗಳ ದಿನಾಂಕ ಈ ತಿಂಗಳಿನದಾ, ಹೋದ ವರ್ಷದ್ದಾ? ಗ್ರಂಥಾಲಯ ರಾತ್ರಿ ಎಷ್ಟರವರೆಗೆ ತೆರೆದಿರುತ್ತದೆ? ಮೆಸ್‌ನಲ್ಲಿ ಒಂದು ಊಟ ಮಾಡಿ.

ಎರಡನೆಯ ವರ್ಷದ ಇಬ್ಬರನ್ನಾದರೂ ಮಾತಾಡಿಸಿ, ಬೇರೆ ಬೇರೆಯಾಗಿ. ‘ಕಾಲೇಜು ಹೇಗಿದೆ’ ಅಂತ ಕೇಳಬೇಡಿ. ಎಲ್ಲರೂ ‘ಪರವಾಗಿಲ್ಲ’ ಅಂತಾರೆ. ‘ಅಕ್ಕಾ, ನೀವು ಇಂಟರ್ನ್‌ಶಿಪ್ ಎಲ್ಲಿ ಮಾಡಿದ್ರಿ? ಅದನ್ನ ಯಾರು ಹುಡುಕಿಕೊಟ್ರು? ಈ ಸೆಮಿಸ್ಟರ್ ಹೊರಗಿನಿಂದ ಯಾವ ಕಂಪನಿಯವರು ಬಂದು ಮಾತಾಡಿದ್ರು?’ ಅಂತ ಕೇಳಿ. ನಾವೇ ಹುಡುಕಿಕೊಂಡೆವು ಅನ್ನುವ ಉತ್ತರ ಪದೇ ಪದೇ ಬಂದರೆ ಅಲ್ಲಿನ ಪ್ಲೇಸ್‌ಮೆಂಟ್ ಸೆಲ್ ಹೆಸರಿಗಷ್ಟೇ ಇದೆ ಅಂತ ಅರ್ಥ.

ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಇನ್ನೊಂದನ್ನು ಕೇಳಲೇಬೇಕು. ಪಾಠ, ಪರೀಕ್ಷೆ, ಗ್ರೂಪ್ ಡಿಸ್ಕಷನ್ ಎಲ್ಲ ಇಂಗ್ಲಿಷ್‌ನಲ್ಲಿ. ಮೊದಲ ಸೆಮಿಸ್ಟರ್‌ನಲ್ಲಿ ಮಾತಾಡುವ ಅಭ್ಯಾಸ ಮಾಡಿಸುತ್ತಾರಾ, ವಾರಕ್ಕೊಂದು ಪ್ರೆಸೆಂಟೇಷನ್ ಇದೆಯಾ? ಸರ್ಕಾರಿ ವಿಶ್ವವಿದ್ಯಾಲಯದ ತರಗತಿಯಲ್ಲಿ ನಿಮ್ಮ ಹಾಗೆಯೇ ಹಳ್ಳಿಯಿಂದ ಬಂದವರು ತುಂಬಾ ಜನ ಇರುತ್ತಾರೆ. ತಪ್ಪು ಮಾತಾಡಿದರೆ ನಗುವವರು ಕಡಿಮೆ. ಆ ಧೈರ್ಯಕ್ಕೆ ದೊಡ್ಡ ಬೆಲೆ ಇದೆ, ಅದನ್ನು ನಿಮ್ಮ ಲೆಕ್ಕದಲ್ಲಿ ಖಂಡಿತ ಸೇರಿಸಿ.

ಹೆಜ್ಜೆ 7: ಪೂರ್ತಿ ಖರ್ಚು ಬರೆಯಿರಿ

ಸರ್ಕಾರಿ ವಿಶ್ವವಿದ್ಯಾಲಯದ ಶುಲ್ಕ ಬೆಂಗಳೂರಿನ ಹೆಸರಾಂತ ಖಾಸಗಿ ಕಾಲೇಜುಗಳಿಗಿಂತ ಎಷ್ಟೋ ಕಡಿಮೆ. ಇಂಥ ಕ್ಯಾಂಪಸ್‌ಗಳ ನಿಜವಾದ ಬಲ ಇದು. ಸಾಲ ಇಲ್ಲದೆ ಎಂಬಿಎ ಮುಗಿಸಿದವರು ಮೊದಲ ಕೆಲಸವನ್ನು ಇಷ್ಟಪಟ್ಟು ಆರಿಸಿಕೊಳ್ಳಬಹುದು. ಸಾಲದ ಕಂತು ಇದ್ದವರು ಸಿಕ್ಕಿದ್ದನ್ನು ಹಿಡಿಯಬೇಕಾಗುತ್ತದೆ. ಆದರೆ ನಿಮಗೆ ಸಿಗುತ್ತಿರುವುದು ಸಾಮಾನ್ಯ ಸೀಟಾ, ಪೇಮೆಂಟ್ ಸೀಟಾ ಅಂತ ಖಚಿತ ಮಾಡಿಕೊಳ್ಳಿ. ಎರಡರ ಶುಲ್ಕಕ್ಕೂ ಬಹಳ ವ್ಯತ್ಯಾಸ. ಶುಲ್ಕದ ಜೊತೆಗೆ ಹಾಸ್ಟೆಲ್, ಮೆಸ್, ಊರಿಗೆ ಹೋಗಿಬರುವುದು, ಇಂಟರ್‌ವ್ಯೂ ಪ್ರಯಾಣ, ಒಂದು ಲ್ಯಾಪ್‌ಟಾಪ್ ಎಲ್ಲ ಸೇರಿಸಿ ಎರಡು ವರ್ಷದ ಮೊತ್ತ ಹಾಕಿ.

ವಿದ್ಯಾರ್ಥಿವೇತನಕ್ಕೆ ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್ ಇದೆ. ಹಿಂದುಳಿದ ವರ್ಗದವರಿಗೆ ವಿದ್ಯಾಸಿರಿ ಯೋಜನೆ ಇದೆ, ಸರ್ಕಾರಿ ಹಾಸ್ಟೆಲ್ ಸಿಗದಿದ್ದರೆ ಊಟ ವಸತಿಗೆ ಅದು ನೆರವಾಗುತ್ತದೆ. ಸಾಲ ಮಾಡಲೇಬೇಕಾದರೆ 2024ರಲ್ಲಿ ಬಂದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯ ಪಟ್ಟಿಯಲ್ಲಿ ನಿಮ್ಮ ವಿಶ್ವವಿದ್ಯಾಲಯ ಇದೆಯಾ ನೋಡಿ. ಪಟ್ಟಿಯಲ್ಲಿದ್ದರೆ ಅಡಮಾನ, ಜಾಮೀನು ಬೇಕಿಲ್ಲ. ಜಾತಿ, ಆದಾಯ ಪ್ರಮಾಣಪತ್ರಗಳನ್ನು ಈಗಲೇ ಮಾಡಿಸಿಡಿ. ಕೊನೇ ವಾರದಲ್ಲಿ ನಾಡಕಚೇರಿಗೆ ಓಡುವುದು ಬೇಡ.

ಹೆಜ್ಜೆ 8: ಆಪ್ಷನ್ ಎಂಟ್ರಿ

ಪಿಜಿಸಿಇಟಿ ರ‍್ಯಾಂಕ್ ಬಂದು ದಾಖಲೆ ಪರಿಶೀಲನೆ ಮುಗಿದ ಮೇಲೆ ಕೆಇಎ ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜುಗಳನ್ನು ಕ್ರಮವಾಗಿ ತುಂಬುವ ಪಟ್ಟಿ, ತೆರೆಯುತ್ತದೆ. ಇಲ್ಲಿ ಕ್ರಮವೇ ಎಲ್ಲ. ಮೇಲೆ ಇಟ್ಟ ಆಯ್ಕೆ ಸಿಕ್ಕಿಬಿಟ್ಟರೆ ಕೆಳಗಿನವು ತಾವಾಗೇ ಹೋಗುತ್ತವೆ. ಸಿಗುವ ಸಾಧ್ಯತೆ ನೋಡಿ ಜೋಡಿಸಬೇಡಿ, ಇಷ್ಟದ ಕ್ರಮದಲ್ಲಿ ಜೋಡಿಸಿ. ಹೋದ ವರ್ಷದ ಕಟ್ ಆಫ್ ನೋಡಿದರೆ ಪಟ್ಟಿ ಎಷ್ಟು ಉದ್ದ ಇರಬೇಕು ಅಂತ ಅಂದಾಜು ಸಿಗುತ್ತದೆ.

ನನ್ನ ಕ್ರಮ ಕೇಳುವವರಿಗೆ ಹೇಳುತ್ತೇನೆ. ಕಂಪನಿ ಕೆಲಸವೇ ಗುರಿ ಮತ್ತು ದುಡ್ಡು ಕಡಿಮೆ ಅಂದರೆ ಮೊದಲು ಮೈಸೂರು, ಆಮೇಲೆ ಧಾರವಾಡ. ಹಸಿರೂ ಇದೆ, ಊರೂ ಇದೆ. ಬ್ಯಾಂಕಿಂಗ್ ಅಥವಾ ಆಸ್ಪತ್ರೆ ಆಡಳಿತ ಅಂದರೆ ಕೊಣಾಜೆಯನ್ನು ಮೇಲೆ ತರುತ್ತೇನೆ. ಕೃಷಿ ವ್ಯಾಪಾರ, ಸಹಕಾರಿ ಸಂಸ್ಥೆ, ಇಲ್ಲವೇ ಓದಿನ ಜೊತೆಗೆ ಸ್ಪರ್ಧಾತ್ಮಕ ಪರೀಕ್ಷೆಯ ತಯಾರಿ ಅಂದರೆ ಶಂಕರಘಟ್ಟಕ್ಕೆ ಹೋಗಿ ಅಂತ ನಿಸ್ಸಂಕೋಚವಾಗಿ ಹೇಳುತ್ತೇನೆ.

ಸೀಟು ಹಂಚಿಕೆಯಾದ ಮೇಲೆ ನಾಲ್ಕು ಚಾಯ್ಸ್ ಬರುತ್ತವೆ. ಒಂದು ಎಂದರೆ ಇದೇ ಸಾಕು, ಸೇರುತ್ತೇನೆ. ಎರಡು ಎಂದರೆ ಇದು ಇರಲಿ, ಮೇಲಿನದಕ್ಕೂ ಕಾಯುತ್ತೇನೆ. ಮೂರು ಎಂದರೆ ಇದು ಬೇಡ, ಮುಂದಿನ ಸುತ್ತು ನೋಡುತ್ತೇನೆ. ನಾಲ್ಕು ಎಂದರೆ ಪೂರ್ತಿ ಹೊರಗೆ. ಗೊಂದಲ ಇದ್ದರೆ ಮೂರನ್ನು ಒತ್ತಬೇಡಿ, ಕೈಯಲ್ಲಿರುವ ಸೀಟು ಹೋಗುತ್ತದೆ. ಆ ವರ್ಷದ ಕೆಇಎ ಸೂಚನೆಯನ್ನು ಪೂರ್ತಿ ಓದಿ, ಶುಲ್ಕ ಕಟ್ಟುವ ಮತ್ತು ವರದಿ ಮಾಡಿಕೊಳ್ಳುವ ಕೊನೆಯ ದಿನಾಂಕವನ್ನು ಬರೆದಿಟ್ಟುಕೊಳ್ಳಿ. ಸೇರುವ ದಿನವೇ ಹಾಸ್ಟೆಲ್ ಅರ್ಜಿಯನ್ನೂ ಕೊಡಿ.